ಮಲೆನಾಡಿನ ಕಚ್ಚಾ ದಾರಿಗಳಲ್ಲಿ ಗಾಡಿ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಜಿಲ್ಲೆಗೂ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು, ಬೇಲೂರು ಭಾಗಕ್ಕೂ ಜೀಪು ಅಥವಾ ಬೈಕು ತೆಗೆದುಕೊಂಡು ಬರುವವರು, ಅವರನ್ನು ಬೆಟ್ಟಕ್ಕೆ ಕರೆದೊಯ್ಯುವ ಬಾಡಿಗೆ ಚಾಲಕರು, ಅವರು ಹಾದುಹೋಗುವ ತೋಟಗಳ ಮಾಲೀಕರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಳ್ಳಲಾಗಿದೆ. ಮೊದಲ ಸಲ ಬರುವವರಿಗೆ ಬೇಕಾದವು ಮೊದಲಿಗೆ, ಹಳಬರಿಗೆ ಬೇಕಾದವು ಕೊನೆಗೆ ಇವೆ.

## ಹೊರಡುವ ಮುನ್ನ

ಹುಲ್ಲುಗಾವಲಿನ ಮೇಲೆ ಒಂದೇ ಒಂದು ಸಲ ಗಾಡಿ ಹತ್ತಿಸಿದರೆ ಏನಾಗಿಬಿಡುತ್ತದೆ? ಮಳೆ ಬಂದರೆ ಹುಲ್ಲು ಮತ್ತೆ ಬೆಳೆಯುತ್ತದಲ್ಲ?

ಹುಲ್ಲು ಬೆಳೆಯಬಹುದು, ಆದರೆ ಅದರ ಕೆಳಗಿನ ಮಣ್ಣು ಅಷ್ಟು ಬೇಗ ಮೊದಲಿನಂತಾಗುವುದಿಲ್ಲ. ಚಂದ್ರದ್ರೋಣ ಸಾಲಿನಲ್ಲಾಗಲಿ, ಬಲ್ಲಾಳರಾಯನದುರ್ಗದ ಸುತ್ತಲಾಗಲಿ, ಬಿಸಿಲೆಯ ಕಡೆಯ ಗುಡ್ಡಗಳಲ್ಲಾಗಲಿ ನೆತ್ತಿಯ ಮೇಲೆ ಇರುವುದು ಬಂಡೆ, ಬಂಡೆಯ ಮೇಲೆ ತೆಳುವಾದ ಮಣ್ಣು, ಆ ಮಣ್ಣನ್ನು ಹಿಡಿದು ನಿಲ್ಲಿಸಿದ ಹುಲ್ಲಿನ ಬೇರು, ಇಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯನ್ನು ಈ ಪದರ ಒಳಗೆ ಇಳಿಸಿಕೊಂಡು, ಕಣಿವೆಗಳಲ್ಲಿರುವ ಶೋಲಾ ಎಂಬ ಕುಳ್ಳುಮರಗಳ ಕಾಡಿನ ಮೂಲಕ ತೊರೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಹೇಮಾವತಿ, ಯಗಚಿ, ವೇದಾವತಿ, ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವುದು ಇಂಥ ಬೆಟ್ಟಸಾಲುಗಳಲ್ಲೇ.

ಜನ, ಸಾಮಾನು ತುಂಬಿದ ಎರಡು ಟನ್ ತೂಕದ ಗಾಡಿ ಒದ್ದೆ ನೆಲದ ಮೇಲೆ ಹಾದಾಗ ಮಣ್ಣಿನ ಸಣ್ಣ ರಂಧ್ರಗಳು ಒತ್ತಿ ಮುಚ್ಚಿಹೋಗುತ್ತವೆ. ಇಂಗಬೇಕಾಗಿದ್ದ ನೀರು ಇಂಗದೆ ಚಕ್ರದ ಗುರುತನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ. ಇಳಿಜಾರಿಗೆ ನೇರವಾಗಿ ಹತ್ತಿಸಿದ ಗುರುತಾದರೆ ನೀರಿನ ವೇಗ ಹೆಚ್ಚಿ, ಬೇರು ಸಡಿಲವಾಗಿ, ಕೆಲವೇ ಮಳೆಗಾಲಗಳಲ್ಲಿ ಅದು ಕೊರಕಲಾಗುತ್ತದೆ. ಅಷ್ಟರಲ್ಲಿ ಹಿಂದೆ ಬಂದವರು ಆ ಗುರುತನ್ನು ದಾರಿಯೆಂದೇ ತಿಳಿದು ತಾವೂ ಹತ್ತಿಸಿರುತ್ತಾರೆ. ಒಂದು ಸಲ ಎಂಬುದು ಒಂದೇ ಸಲಕ್ಕೆ ನಿಲ್ಲದಿರುವುದು ಹೀಗೆ. ಮೂಡಿಗೆರೆ ತಾಲ್ಲೂಕಿನ ದೇವರಮನೆ ಗುಡ್ಡದಂಥ ಕಡೆ ರಸ್ತೆಗೂ ಹುಲ್ಲಿಗೂ ನಡುವೆ ಚರಂಡಿಯೂ ಇರದ ಕಾರಣ ಗಾಡಿ ಇಳಿಸುವ ಆಸೆ ಹುಟ್ಟುವುದು ಸಹಜ. ಅಲ್ಲಿಯೇ ನೆಲಗುಬ್ಬಿ, ನತ್ತಿಂಗದಂಥ ಹಕ್ಕಿಗಳು ಬರಿ ನೆಲದ ಮೇಲೆ, ಮಣ್ಣಿನ ಬಣ್ಣದ್ದೇ ಮೊಟ್ಟೆ ಇಡುತ್ತವೆ. ಚಾಲಕನ ಸೀಟಿನಿಂದ ಅವು ಕಾಣುವುದಿಲ್ಲ.

ಆದ್ದರಿಂದ ಈ ಪುಟದ ಎಲ್ಲ ಉತ್ತರಗಳಿಗೂ ಆಧಾರವಾಗಿರುವ ನಿಯಮ ಒಂದೇ: ಈಗಾಗಲೇ ಇರುವ, ಗಾಡಿ ಓಡಾಡಲೆಂದೇ ಇರುವ ದಾರಿಯನ್ನು ಬಿಟ್ಟು ಚಕ್ರ ಇಳಿಸಬಾರದು. ಆ ದಾರಿ ಎಷ್ಟೇ ಕಡಿದಾಗಿರಲಿ, ಕಲ್ಲುಮಯವಾಗಿರಲಿ, ಚಾಲಕನ ಕೈಚಳಕಕ್ಕೆ ಅದರಲ್ಲೇ ಬೇಕಾದಷ್ಟು ಅವಕಾಶವಿದೆ.

ನನ್ನ ಹತ್ತಿರ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ) ಇಲ್ಲ, ಎಸ್‌ಯುವಿ ಇದೆ. ಅದರಲ್ಲಿ ಬರಬಹುದೇ?

ಒಣಗಿದ ಮಣ್ಣಿನ ರಸ್ತೆಗೆ ಸಾಕಾಗುತ್ತದೆ. ಮಳೆ ಬಿದ್ದ ಏರಿಗೆ ಸಾಕಾಗುವುದಿಲ್ಲ. ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಜಾರುವ ಏರಿನಲ್ಲಿ ನಿಂತಲ್ಲೇ ಚಕ್ರ ತಿರುಗಿಸುತ್ತದೆ, ಆ ತಿರುಗುವಿಕೆಯೇ ದಾರಿಯನ್ನು ಅಗೆದು ಹಾಕುತ್ತದೆ. ಗಾಡಿ ಸಿಕ್ಕಿಕೊಂಡರೆ ಊರಿನ ಟ್ರ್ಯಾಕ್ಟರ್ ಬರಬೇಕು, ಅದರ ಚಕ್ರ ಇನ್ನಷ್ಟು ಅಗೆಯುತ್ತದೆ. ಗಾಡಿಯ ಶಕ್ತಿಯ ಬಗ್ಗೆ ಅನುಮಾನವಿದ್ದ ಕಡೆ ಗಾಡಿಯನ್ನು ಕೆಳಗೇ ನಿಲ್ಲಿಸಿ ನಡೆಯುವುದು ಒಳ್ಳೆಯದು.

ಯಾವ ತಿಂಗಳಲ್ಲಿ ಬರಬೇಕು? ಮಳೆಗಾಲದ ಕೆಸರಿನಲ್ಲೇ ಅಲ್ಲವೇ ಮಜಾ?

ಚಾಲಕನಿಗೆ ಮಜಾ ಕೊಡುವ ತಿಂಗಳುಗಳೇ ದಾರಿಗೆ ಅತಿ ಹೆಚ್ಚು ಪೆಟ್ಟು ಕೊಡುವ ತಿಂಗಳುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಣ್ಣು ನೀರುಂಡು ಮೆತ್ತಗಾಗಿರುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯ ಸುತ್ತ ಗುಡ್ಡ ಕುಸಿದು ಮನೆ, ತೋಟ, ಗದ್ದೆಗಳು ಹೋದದ್ದನ್ನು ಇಲ್ಲಿನವರು ಮರೆತಿಲ್ಲ. ಆ ಕುಸಿತಕ್ಕೆ ಜೀಪುಗಳು ಕಾರಣವೆಂದು ಯಾರೂ ಹೇಳುವುದಿಲ್ಲ, ಆದರೆ ಇಂಥ ಗುಡ್ಡಗಳ ಮೇಲೆ ನೀರಿಗೆ ಹೊಸ ದಾರಿ ತೋರಿಸುವುದು ಎಷ್ಟು ಅಪಾಯದ ಕೆಲಸವೆಂಬುದನ್ನು ತಿಳಿಯಲು ಆ ಒಂದು ನೆನಪು ಸಾಕು. ಭಾರಿ ಮಳೆಯ ಮುನ್ಸೂಚನೆಯಿದ್ದ ದಿನ, ಮಳೆ ನಿಂತ ನಂತರದ ಒಂದೆರಡು ದಿನ ಕಚ್ಚಾ ದಾರಿಗೆ ಇಳಿಯಬಾರದು.

ನವೆಂಬರ್‌ನಿಂದ ಫೆಬ್ರವರಿವರೆಗೆ ನೆಲ ಗಟ್ಟಿಯಾಗಿರುತ್ತದೆ, ಆದರೆ ಅದು ಕಾಫಿ ಕುಯ್ಲಿನ ಕಾಲ. ತೋಟದ ದಾರಿಗಳಲ್ಲಿ ಆಳುಗಳು, ಹಣ್ಣು ತುಂಬಿದ ಟ್ರ್ಯಾಕ್ಟರುಗಳು ಇಡೀ ದಿನ ಓಡಾಡುತ್ತಿರುತ್ತವೆ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಕಾಡ್ಗಿಚ್ಚಿನ ಭಯ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಹೋಗುವವರು ಇದೇ ಒಣಗಾಲದಲ್ಲಿ ಮಂಗನ ಕಾಯಿಲೆ ಹರಡುವ ಉಣುಗುಗಳ ಬಗ್ಗೆಯೂ ಎಚ್ಚರವಾಗಿರಬೇಕು. ಎಲ್ಲ ಲೆಕ್ಕ ಹಾಕಿದರೆ ಡಿಸೆಂಬರ್, ಜನವರಿ ತಿಂಗಳುಗಳ ವಾರದ ದಿನಗಳು ನೆಲಕ್ಕೂ ಜನಕ್ಕೂ ಕಡಿಮೆ ತೊಂದರೆ ಕೊಡುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಮುಳ್ಳಯ್ಯನಗಿರಿಗೆ ಆಫ್‌ರೋಡ್ ಗಾಡಿಯೇ ಬೇಕೇ?

ಬೇಡ. 1,930 ಮೀಟರ್ ಎತ್ತರದ ಈ ಶಿಖರದ ಹತ್ತಿರದವರೆಗೂ ಟಾರು ರಸ್ತೆಯಿದೆ. ಅಲ್ಲಿನ ಸಮಸ್ಯೆ ಗಾಡಿಗಳ ಸಾಮರ್ಥ್ಯದ್ದಲ್ಲ, ಸಂಖ್ಯೆಯದ್ದು. ಜಿಲ್ಲಾಡಳಿತವು 2025ರಲ್ಲಿ ಮುಂಗಡ ನೋಂದಣಿಯ ವ್ಯವಸ್ಥೆ ತಂದಿರುವುದು ಅದಕ್ಕಾಗಿಯೇ. ನೋಂದಣಿ ಮಾಡಿಕೊಂಡು ಬನ್ನಿ, ಎದುರಿನ ಗಾಡಿಗೆ ಜಾಗ ಕೊಡುವ ನೆಪದಲ್ಲಿ ಹುಲ್ಲಿನ ಮೇಲೆ ಚಕ್ರ ಹತ್ತಿಸಬೇಡಿ. 2022ರಲ್ಲಿ ಈ ಸಾಲಿನಲ್ಲಿ ಕುರಿಂಜಿ ಹೂ ಬಿಟ್ಟಾಗ ನೋಡಬಂದವರ ಗಾಡಿಗಳ ಸಾಲು ಹೇಗಿತ್ತೆಂಬುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

## ಯಾರ ನೆಲ, ಯಾವ ಕಾನೂನು

ಮ್ಯಾಪಿನಲ್ಲಿ ದಾರಿ ತೋರಿಸುತ್ತಿದೆ, ಬೋರ್ಡೂ ಇಲ್ಲ, ಗೇಟೂ ಇಲ್ಲ. ಹಾಗಾದರೆ ಹೋಗಬಹುದಲ್ಲ?

ಫೋನಿನ ನಕ್ಷೆಯಲ್ಲಿ ಕಾಣುವ ಗೆರೆ ಅಲ್ಲಿ ಯಾರೋ ಓಡಾಡಿದ್ದಾರೆ ಎಂಬುದನ್ನು ಹೇಳುತ್ತದೆಯೇ ಹೊರತು, ಓಡಾಡುವ ಹಕ್ಕು ನಿಮಗಿದೆ ಎಂಬುದನ್ನು ಹೇಳುವುದಿಲ್ಲ. ಮಲೆನಾಡಿನಲ್ಲಿ ಒಂದೇ ಗುಡ್ಡದ ಮೇಲೆ ಮೀಸಲು ಅರಣ್ಯ, ಕರ್ನಾಟಕ ಅರಣ್ಯ ಕಾಯ್ದೆ 1963ರ ಸೆಕ್ಷನ್ 4ರಡಿ ಮೀಸಲು ಅರಣ್ಯವಾಗಿಸಲು ಪ್ರಾಥಮಿಕ ಅಧಿಸೂಚನೆಯಾದ ಜಾಗ, ಡೀಮ್ಡ್ ಅರಣ್ಯ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗ), ಗೋಮಾಳ, ಯಾರದೋ ಹಿಡುವಳಿ ತೋಟ, ಊರಿನ ದೇವರಕಾಡು ಇವೆಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನಡುವೆ ಬೇಲಿ ಇರಲೇಬೇಕೆಂದೇನೂ ಇಲ್ಲ. ಬೋರ್ಡು ಹಾಕದಿರುವುದರಿಂದ ಮೀಸಲು ಅರಣ್ಯ ಮೀಸಲಲ್ಲವೆಂದಾಗುವುದಿಲ್ಲ.

ತಿಳಿದುಕೊಳ್ಳುವ ಸುಲಭ ಉಪಾಯವೆಂದರೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್. ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ, ಆ ನಂಬರಿನ ಪಹಣಿ ನೋಡಿದರೆ ಜಮೀನು ಯಾರ ಹೆಸರಿನಲ್ಲಿದೆ, ಸರ್ಕಾರಿಯೋ ಖಾಸಗಿಯೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಬೆಟ್ಟದ ಮೇಲೆ ನೆಟ್‌ವರ್ಕ್ ಸಿಗದಿರುವ ಕಾರಣ ಈ ಕೆಲಸವನ್ನು ಹೊರಡುವ ಮುನ್ನವೇ ಮುಗಿಸಿಕೊಳ್ಳಬೇಕು. ಗ್ರಾಮದ ನಕಾಶೆಯಲ್ಲಿ ಬಂಡಿದಾರಿಯನ್ನೂ ಕಾಲುದಾರಿಯನ್ನೂ ಬೇರೆ ಬೇರೆಯಾಗಿ ಗುರುತಿಸಿರುತ್ತಾರೆ, ಕಾಲುದಾರಿ ಎಂದು ಗುರುತಿಸಿದ್ದರ ಮೇಲೆ ಜೀಪು ಓಡಿಸುವುದಕ್ಕೆ ಹಕ್ಕಿಲ್ಲ. ಇಷ್ಟಾದರೂ ಅನುಮಾನ ಉಳಿದರೆ ಆ ಭಾಗದ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಕೇಳಿ. ಚಹಾದಂಗಡಿಯಲ್ಲಿ ಸಿಕ್ಕವರ ಮಾತು ದಾರಿ ಕೇಳಲು ಸಾಕು, ಅನುಮತಿಗೆ ಸಾಲದು.

ಭದ್ರಾ, ಕುದುರೆಮುಖದ ಕಾಡಿನೊಳಗೆ ನಮ್ಮ ಗಾಡಿಯನ್ನೇ ತೆಗೆದುಕೊಂಡು ಹೋಗಲು ಬಿಡುತ್ತಾರೆಯೇ?

ಸಾರ್ವಜನಿಕ ರಸ್ತೆ ಹಾದುಹೋಗುವ ಕಡೆ ಆ ರಸ್ತೆಯ ಮೇಲೆ, ಅಲ್ಲಿನ ಸಮಯದ ಮಿತಿಗೆ ಒಳಪಟ್ಟು ಹೋಗಬಹುದು. ಅದರಾಚೆ ಇಲ್ಲ. ಭದ್ರಾ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಅಭಯಾರಣ್ಯ, ಕುದುರೆಮುಖ 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ. ಬಿಸಿಲೆಗೆ ಹೊಂದಿಕೊಂಡಿರುವ ಪುಷ್ಪಗಿರಿ ಕೂಡ ಅಭಯಾರಣ್ಯವೇ. ಕುದುರೆಮುಖ, ಪುಷ್ಪಗಿರಿ ಎರಡೂ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿವೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಸೆಕ್ಷನ್ 27ರ ಪ್ರಕಾರ ಅಭಯಾರಣ್ಯದೊಳಗೆ ಪ್ರವೇಶಿಸಲು ಅನುಮತಿ ಬೇಕು, ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಅನ್ವಯಿಸುತ್ತದೆ. ಉಲ್ಲಂಘಿಸಿದರೆ ಮೂರು ವರ್ಷಗಳವರೆಗೆ ಸೆರೆವಾಸ, 2022ರ ತಿದ್ದುಪಡಿಯ ನಂತರ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅಪರಾಧಕ್ಕೆ ಬಳಸಿದ ಗಾಡಿಯನ್ನು ಜಪ್ತಿ ಮಾಡುವ ಅಧಿಕಾರವೂ ಇಲಾಖೆಗಿದೆ, ಮತ್ತು ಕಾಡಿನ ಕೇಸಿನಲ್ಲಿ ಸಿಕ್ಕ ಗಾಡಿ ಬೇಗ ಬಿಡುಗಡೆಯಾಗುವುದಿಲ್ಲ.

ಕಾಡು ನೋಡುವ ಆಸೆಯಿದ್ದವರಿಗೆ ಮುತ್ತೋಡಿಯಲ್ಲಿ, ಲಕ್ಕವಳ್ಳಿಯಲ್ಲಿ ಸಫಾರಿ ಇದೆ. ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತಕ್ಕೆ ಅನುಮತಿ ಪಡೆದ ಸ್ಥಳೀಯ ಜೀಪುಗಳಿವೆ. ನಡೆದು ಹೋಗುವವರು ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಚಾರಣವನ್ನು ಕಾಯ್ದಿರಿಸಬಹುದು.

ಬಾಡಿಗೆ ಜೀಪಿನವರೇ ಕರೆದುಕೊಂಡು ಹೋದರೆ ತಪ್ಪು ಅವರದ್ದು ತಾನೇ?

ಅಕ್ರಮ ಪ್ರವೇಶ ಎಂಬುದು ಗಾಡಿಯೊಳಗೆ ಕುಳಿತ ಎಲ್ಲರಿಗೂ ತಗಲುತ್ತದೆ. ಹತ್ತುವ ಮುನ್ನ ಎರಡು ವಿಷಯ ನೋಡಿಕೊಳ್ಳಿ. ಮೊದಲನೆಯದು ಹಳದಿ ನಂಬರ್ ಪ್ಲೇಟು. ಬಿಳಿ ಬೋರ್ಡಿನ ಗಾಡಿಯಲ್ಲಿ ದುಡ್ಡು ತೆಗೆದುಕೊಂಡು ಜನರನ್ನು ಒಯ್ಯುವುದು ಪರ್ಮಿಟ್ ಇಲ್ಲದ ಓಡಾಟ, ಅಪಘಾತವಾದರೆ ವಿಮೆಯ ಪರಿಹಾರಕ್ಕೆ ಕಂಪನಿ ತಕರಾರು ತೆಗೆಯುವುದು ಅಲ್ಲಿಯೇ. ಎರಡನೆಯದು ಹೋಗುವ ದಾರಿ. ‘ಯಾವ ದಾರಿಯಲ್ಲಿ ಕರೆದುಕೊಂಡು ಹೋಗುತ್ತೀರಣ್ಣ, ಅದು ಫಾರೆಸ್ಟಿನವರದ್ದೇ?’ ಎಂದು ಮೊದಲೇ ಕೇಳಿ.

ಚಾಲಕರ ಕಡೆಯ ಮಾತೂ ಒಂದಿದೆ. ಬಂದವರು ‘ಇನ್ನೂ ಸ್ವಲ್ಪ ಮೇಲೆ ಹತ್ತಿಸಿ ಸಾರ್, ಇಷ್ಟು ದುಡ್ಡು ಕೊಟ್ಟಿದ್ದೀವಿ’ ಎಂದು ಒತ್ತಾಯಿಸುವುದರಿಂದಲೇ ತಾವು ದಾರಿ ಬಿಡಬೇಕಾಗುತ್ತದೆ ಎಂದು ಹಲವರು ಬರೆದಿದ್ದಾರೆ. ಅದು ನಿಜ. ಆ ಮಾತನ್ನು ಆಡಬೇಡಿ.

ತೋಟದ ಗೇಟು ತೆಗೆದೇ ಇತ್ತು, ಒಳಗೆ ಹೋದೆವು. ರೈಟರು (ತೋಟದ ಕೆಲಸ ನೋಡಿಕೊಳ್ಳುವವರು) ಬಂದು ಬಾಯಿಗೆ ಬಂದಂತೆ ಬೈದರು. ಅಷ್ಟು ಸಿಟ್ಟು ಯಾಕೆ?

ಕಾಫಿ ತೋಟವು ನೋಡುವವರಿಗೆ ಕಾಡಿನಂತೆ ಕಂಡರೂ ಅದು ಒಬ್ಬರ ಜಮೀನು, ಅದರೊಳಗೆ ಆಳುಗಳ ಲೈನ್ ಮನೆಗಳಿರುತ್ತವೆ, ಕಣದಲ್ಲಿ ಒಣಗಲು ಹಾಕಿದ ಕಾಫಿ ಇರುತ್ತದೆ, ಕಾಳುಮೆಣಸು ಕದಿಯುವವರ ಕಾಟವೂ ಇರುತ್ತದೆ. ಗೊತ್ತಿಲ್ಲದ ಗಾಡಿ ಒಳಗೆ ಬಂದರೆ ರೈಟರಿಗೆ ಮೊದಲು ಹೊಳೆಯುವುದು ಕಳ್ಳತನವೇ. ಮಾಲೀಕರ ಒಪ್ಪಿಗೆಯನ್ನು ಮೊದಲೇ, ಸಾಧ್ಯವಾದರೆ ಬರಹದಲ್ಲಿ ಪಡೆಯಬೇಕು. ಗೇಟಾಗಲಿ ಉಣುಗೋಲಾಗಲಿ ಹೇಗಿತ್ತೋ ಹಾಗೆಯೇ ಬಿಡಬೇಕು: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇಡಿ. ದನ ಬಿಡಲೆಂದೋ ಟ್ರ್ಯಾಕ್ಟರ್ ಬರಲೆಂದೋ ತೆರೆದಿಟ್ಟಿರಬಹುದು.

ಆನೆ ಕಂದಕಕ್ಕೆ ಮಣ್ಣು ತುಂಬುವುದು, ಅದರ ಮೇಲೆ ಹಲಗೆ ಹಾಕಿ ಗಾಡಿ ದಾಟಿಸುವುದು, ಸೋಲಾರ್ ಬೇಲಿಯ ತಂತಿಯನ್ನು ಕೋಲಿನಿಂದ ಎತ್ತಿ ನುಸುಳುವುದು ಇವು ಸಿಟ್ಟಿಗಿಂತ ದೊಡ್ಡ ವಿಷಯ. ನೀವು ಮಾಡಿದ ಆ ದಾರಿಯಲ್ಲಿ ರಾತ್ರಿ ಆನೆ ಇಳಿದು ಬಂದರೆ ಬೆಳಿಗ್ಗೆ ಕೆಲಸಕ್ಕೆ ಹೊರಟವರಿಗೆ ಅದು ಎದುರಾಗುತ್ತದೆ.

ದೊಡ್ಡ ಟೈರು, ಲೈಟ್ ಬಾರ್, ಸೈಲೆನ್ಸರ್ ಬದಲಾಯಿಸಿದ್ದೇನೆ. ಪೊಲೀಸರು ಹಿಡಿಯುತ್ತಾರೆಯೇ?

ಹಿಡಿಯಬಹುದು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದು, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಸೆಕ್ಷನ್ 182ಎ ಪ್ರಕಾರ ಇಂಥ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ. ಕಾನೂನು ಒತ್ತಟ್ಟಿಗಿರಲಿ, ಸದ್ದು ಮಾಡುವ ಸೈಲೆನ್ಸರ್ ಈ ಕಣಿವೆಗಳಲ್ಲಿ ಬಹಳ ದೂರ ಕೇಳುತ್ತದೆ. ಊರಿನವರು ಜೀಪುಗಳ ವಿರುದ್ಧ ಅರ್ಜಿ ಕೊಡುವುದು ಕೆಸರಿಗಿಂತ ಹೆಚ್ಚಾಗಿ ಸದ್ದಿನ ಕಾರಣಕ್ಕೆ.

## ಸ್ಟೀರಿಂಗ್ ಹಿಡಿದ ಮೇಲೆ

ದಾರಿಯ ನಡುವೆ ಕೆಸರು ಹೊಂಡ ಇದೆ. ಪಕ್ಕದ ಹುಲ್ಲಿನ ಮೇಲೆ ಸುತ್ತಿಕೊಂಡು ಹೋಗುವುದು ಒಳ್ಳೆಯದಲ್ಲವೇ?

ಗಾಡಿಗೆ ಒಳ್ಳೆಯದು, ನೆಲಕ್ಕಲ್ಲ. ಮೊದಲನೆಯವರು ಪಕ್ಕದಿಂದ ಹೋಗುತ್ತಾರೆ, ಅಲ್ಲಿಯೂ ಹೊಂಡ ಬೀಳುತ್ತದೆ, ಮುಂದಿನವರು ಇನ್ನೂ ಪಕ್ಕಕ್ಕೆ ಸರಿಯುತ್ತಾರೆ. ಎಂಟಡಿ ಅಗಲದ ಬಂಡಿದಾರಿ ಮೂವತ್ತಡಿ ಅಗಲದ ಕೆಸರುಗದ್ದೆಯಾಗುವುದು ಹೀಗೆಯೇ. ಇಳಿದು ಕೋಲಿನಿಂದ ಆಳ ನೋಡಿ. ದಾಟಬಹುದಾದರೆ ನಡುವಿನಿಂದಲೇ, ಫೋರ್ ಲೋದಲ್ಲಿ (ನಾಲ್ಕೂ ಚಕ್ರ ನಿಧಾನವಾಗಿ, ಹೆಚ್ಚು ಬಲದಿಂದ ತಿರುಗುವ ಗೇರಿನಲ್ಲಿ), ಒಂದೇ ವೇಗದಲ್ಲಿ ದಾಟಿ. ದಾಟಲಾಗದಿದ್ದರೆ ಹಿಂದಿರುಗಿ. ಹೊಂಡದೊಳಗೆ ಹಾರಿಸಿ ಕೆಸರು ಎರಚುವುದು ವಿಡಿಯೊಗೆ ಚೆನ್ನಾಗಿ ಕಾಣುತ್ತದೆ, ಆ ದಾರಿಯಲ್ಲಿ ಮರುದಿನ ಶಾಲೆಗೆ ನಡೆಯಬೇಕಾದ ಮಕ್ಕಳಿಗೆ ಅಷ್ಟು ಚೆನ್ನಾಗಿರುವುದಿಲ್ಲ.

ರಸ್ತೆಬದಿಯ ಹಡ್ಲುಗಳಿಗೆ, ಅಂದರೆ ವರ್ಷದ ಬಹುಪಾಲು ತೇವವಿರುವ ಜೌಗಿಗೆ, ಯಾವ ಕಾಲದಲ್ಲೂ ಚಕ್ರ ಇಳಿಸಬಾರದು. ಬೇಸಿಗೆಯಲ್ಲಿ ಮೇಲ್ಮೈ ಒಣಗಿ ಗಟ್ಟಿಯಾಗಿ ಕಂಡರೂ ಒಂದು ಅಡಿ ಕೆಳಗೆ ಕೆಸರಿರುತ್ತದೆ, ಊರಿನ ಬಾವಿಗೆ ನೀರು ಬರುವುದೂ ಬಹಳ ಕಡೆ ಅಲ್ಲಿಂದಲೇ.

ಹಳ್ಳ ದಾಟುವುದು ಹೇಗೆ? ನೀರಿನಲ್ಲಿ ಹೋದರೆ ಮಣ್ಣು ಹಾಳಾಗುವುದಿಲ್ಲವಲ್ಲ?

ಹಳ್ಳದ ತಳವನ್ನು ಖಾಲಿ ಮರಳು, ಕಲ್ಲು ಎಂದು ತಿಳಿಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಒಂದು ಕುಣಿಯುವ ಕಪ್ಪೆ ಈ ಭಾಗದ ತೊರೆಗಳಲ್ಲಿದೆ. ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲಿ ಅದನ್ನು ವೈಜ್ಞಾನಿಕವಾಗಿ ವಿವರಿಸಿದರು, ಈಗ ಅದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಈ ಗುಂಪಿನ ಗಂಡು ಕಪ್ಪೆಗಳು ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಬೀಸುತ್ತವೆ. ಹೆಣ್ಣು ಕಪ್ಪೆ ತೊರೆಯ ತಳದ ಮರಳನ್ನು ಹಿಂಗಾಲಿನಿಂದ ತೋಡಿ, ಮೊಟ್ಟೆಯಿಟ್ಟು, ಮತ್ತೆ ಮರಳು ಮುಚ್ಚುತ್ತದೆ, ಮರಿಗಳು ಆ ಮರಳಿನೊಳಗೇ ಬೆಳೆಯುತ್ತವೆ. ಅವು ಮೊಟ್ಟೆಯಿಡುವುದು ಮಳೆಗಾಲ ಮುಗಿದು ನೀರು ತಿಳಿಯಾಗಿ ಇಳಿದಾಗ. ಜೀಪಿನವರಿಗೆ ಹಳ್ಳ ದಾಟಲು ಅನುಕೂಲವಾಗುವುದೂ ಸರಿಯಾಗಿ ಆಗಲೇ.

ಆದ್ದರಿಂದ ದಾರಿ ಹಳ್ಳವನ್ನು ಕತ್ತರಿಸುವ ಜಾಗದಲ್ಲಿ ಮಾತ್ರ, ಅಡ್ಡಲಾಗಿ, ಒಂದು ಸಲ ದಾಟಿ. ಹಳ್ಳದ ಉದ್ದಕ್ಕೂ ಓಡಿಸುವುದು, ಫೋಟೊಗಾಗಿ ಹಿಂದಕ್ಕೆ ಮುಂದಕ್ಕೆ ಮಾಡುವುದು, ನೀರಿನಲ್ಲಿ ನಿಲ್ಲಿಸಿ ಗಾಡಿ ತೊಳೆಯುವುದು ಬೇಡವೇ ಬೇಡ. ತೊಳೆದ ಡೀಸೆಲ್, ಗ್ರೀಸು ಕೆಳಗಿನ ಊರಿನವರ ಬಿಂದಿಗೆಗೆ ಹೋಗುತ್ತದೆ. ದಾಟುವ ಮುನ್ನ ಒಬ್ಬರು ಇಳಿದು ನಡೆದು ನೋಡಬೇಕು. ಈಗಿನ ಥಾರ್ ಜೀಪಿಗೆ ಕಂಪನಿ ಹೇಳುವ ನೀರಿನ ಆಳದ ಮಿತಿ 650 ಮಿಲಿಮೀಟರ್, ಜಿಮ್ನಿಗೆ ಅದಕ್ಕಿಂತ ಬಹಳ ಕಡಿಮೆ, ಅದೂ ನೀರು ಹೆಚ್ಚು ಸೆಳೆತವಿಲ್ಲದಿದ್ದಾಗ. ನೀರು ಕೆಂಪಗಿದ್ದು ತಳ ಕಾಣದಿದ್ದರೆ, ಅಥವಾ ನಡೆಯುವವರ ಮೊಣಕಾಲು ದಾಟಿದರೆ, ಹಿಂದಿರುಗಿ. ಮೇಲೆ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ಹಳ್ಳ ಏರುತ್ತದೆ ಎಂಬುದನ್ನು ಬಯಲುಸೀಮೆಯಿಂದ ಬರುವವರು ಮರೆಯುತ್ತಾರೆ.

ಟೈರಿನ ಗಾಳಿ ಎಷ್ಟು ಇಳಿಸಬೇಕು? ಇಲ್ಲಿನವರಂತೆ ಚೈನ್ ಕಟ್ಟಬಹುದೇ?

ಟಾರು ರಸ್ತೆಯಲ್ಲಿ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಲ್ಲಿರುವ ಗಾಳಿಯನ್ನು ಕಲ್ಲು, ಕೆಸರಿನ ದಾರಿಯಲ್ಲಿ 20ರ ಹತ್ತಿರಕ್ಕೆ ಇಳಿಸಿದರೆ ಟೈರು ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ, ಚಕ್ರ ಸುಮ್ಮನೆ ತಿರುಗಿ ಅಗೆಯುವುದು ಕಡಿಮೆಯಾಗುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ಟಾರು ರಸ್ತೆಗೆ ಮರಳುವ ಮುನ್ನ ಮತ್ತೆ ತುಂಬಲು ಪಂಪು ಜೊತೆಗಿರಲಿ. ಚೈನ್ ಕಟ್ಟುವುದು ಮಳೆಗಾಲದಲ್ಲಿ ತಮ್ಮ ಮನೆ, ತೋಟ ತಲುಪಲೇಬೇಕಾದವರ ಉಪಾಯ. ಅವರು ಆ ದಾರಿಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಾರೆ. ನೋಡಲು ಬಂದವರು ಚೈನ್ ಕಟ್ಟಬೇಕಾದಷ್ಟು ಕೆಸರಿದ್ದರೆ ಆ ದಿನ ಅಲ್ಲಿಗೆ ಹೋಗಬಾರದೆಂದೇ ಅರ್ಥ.

ಗಾಡಿ ಹೂತುಕೊಂಡರೆ ಪಕ್ಕದ ಮರಕ್ಕೆ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಕಟ್ಟಿ ಎಳೆಯಬಹುದೇ?

ಬೇರೆ ಗಾಡಿಯ ಗಟ್ಟಿಯಾದ ಕೊಂಡಿ ಸಿಕ್ಕರೆ ಮೊದಲು ಅದನ್ನೇ ಬಳಸಿ. ಮರವೇ ಬೇಕಾದರೆ ಬಲಿತ, ಜೀವಂತ ಮರದ ಬುಡಕ್ಕೆ ಅಗಲವಾದ ಬೆಲ್ಟು ಸುತ್ತಿ. ಉಕ್ಕಿನ ಹಗ್ಗವನ್ನಾಗಲಿ ಚೈನನ್ನಾಗಲಿ ನೇರವಾಗಿ ಸುತ್ತಿದರೆ ತೊಗಟೆ ಸುತ್ತಲೂ ಕತ್ತರಿಸಿ ಮರ ಒಣಗುತ್ತದೆ. ತೋಟದಲ್ಲಾದರೆ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರಕ್ಕೆ ಕೈ ಹಚ್ಚಲೇಬೇಡಿ. ಮರ ಗಾಡಿಯ ಮೇಲೇ ಬೀಳಬಹುದು, ಬಳ್ಳಿಯ ಕೆಲವು ವರ್ಷಗಳ ಫಸಲಂತೂ ಹೋದಂತೆಯೇ. ಎಳೆಯುವಾಗ ಹಗ್ಗದ ಮೇಲೆ ದಪ್ಪ ಕಂಬಳಿ ಹೊದಿಸಿ, ಎಲ್ಲರೂ ಹಗ್ಗದ ಉದ್ದಕ್ಕಿಂತ ದೂರ ನಿಲ್ಲಲಿ. ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸಲು ಇರುವ ಉಂಡೆಯಾಕಾರದ ಕೊಂಡಿಗೆ ಹಗ್ಗ ಕಟ್ಟಿ ಎಳೆಯಬಾರದು, ಅದು ಮುರಿದು ಹಾರಿ ಪ್ರಾಣ ತೆಗೆಯುತ್ತದೆ. ಹೊರಬಂದ ಮೇಲೆ ಬಿದ್ದ ಗುಂಡಿಗೆ ಕಲ್ಲು, ಮಣ್ಣು ತುಂಬಿ ತುಳಿದು ಹೊರಡಿ.

ಕಿರಿದಾದ ದಾರಿಯಲ್ಲಿ ಎದುರಿಗೆ ಗಾಡಿ ಬಂದರೆ ಯಾರು ಹಿಂದೆ ಸರಿಯಬೇಕು?

ಇಳಿಯುತ್ತಿರುವವರು ನಿಂತು ಏರುತ್ತಿರುವವರಿಗೆ ದಾರಿ ಬಿಡಬೇಕು. ತಲೆಯ ಮೇಲೆ ಸೌದೆ ಹೊತ್ತವರು, ದನ ಹೊಡೆದುಕೊಂಡು ಬರುವವರು ಎದುರಾದರೆ ಏರೋ ಇಳಿಜಾರೋ ಎಂದು ನೋಡದೆ ಎಂಜಿನ್ ಆರಿಸಿ ನಿಲ್ಲಿ.

ಆನೆ ಎದುರಾದರೆ?

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಆನೆಗಳು ಕಾಡಿಗಿಂತ ಕಾಫಿ ತೋಟಗಳಲ್ಲೇ ಹೆಚ್ಚು ಸಿಗುತ್ತವೆ ಎಂದರೆ ತಪ್ಪಾಗದು. ಹೊರಡುವ ಬೆಳಿಗ್ಗೆ ಅಲ್ಲಿನ ಆನೆ ಕಾರ್ಯಪಡೆಯವರನ್ನೋ ತೋಟದವರನ್ನೋ ಕೇಳಿದರೆ ಹಿಂಡು ಯಾವ ಕಡೆಯಿದೆ ಎಂಬುದು ಗೊತ್ತಾಗುತ್ತದೆ. ಸಂಜೆ ಐದರ ನಂತರ ತೋಟದ ಒಳದಾರಿಗಳಲ್ಲಿ ಇರಬಾರದು. ಎದುರಾದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡದೆ, ಲೈಟು ಮಿಟುಕಿಸದೆ ನಿಧಾನವಾಗಿ ಹಿಂದಕ್ಕೆ ಬನ್ನಿ. ಗಾಡಿಯಿಂದ ಇಳಿಯಬೇಡಿ. ಆನೆಯನ್ನು ಬೆದರಿಸಿ ಓಡಿಸಿದರೆ ನೀವು ಪಾರಾಗಬಹುದು, ಆ ಸಿಟ್ಟು ಮುಂದೆ ಸಿಕ್ಕ ಇನ್ನೊಬ್ಬರ ಮೇಲೆ ತಿರುಗುತ್ತದೆ.

ಬೇಸಿಗೆಯಲ್ಲಿ ಗುಡ್ಡದ ಮೇಲೆ ಗಾಡಿ ನಿಲ್ಲಿಸಿ ಅಡುಗೆ ಮಾಡಿಕೊಳ್ಳಬಹುದೇ?

ಒಣ ಹುಲ್ಲಿರುವ ಕಡೆ ಅಡುಗೆಯೂ ಬೇಡ, ಗಾಡಿ ನಿಲ್ಲಿಸುವುದೂ ಬೇಡ. ಏರು ಹತ್ತಿ ಬಂದ ಗಾಡಿಯ ಹೊಗೆಕೊಳವೆ ಹುಲ್ಲಿಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳುವಷ್ಟು ಕಾದಿರುತ್ತದೆ. ಕಲ್ಲುಹಾಸಿನ ಮೇಲೋ ಬರಿಮಣ್ಣಿನ ಮೇಲೋ ನಿಲ್ಲಿಸಿ, ಬುತ್ತಿ ಕಟ್ಟಿಕೊಂಡು ಬನ್ನಿ.

## ಹಳಬರು ಕೇಳುವವು

ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಟೈರು ತೊಳೆಯಿರಿ ಎನ್ನುತ್ತಾರೆ. ಇದು ಅತಿಯಾಯಿತಲ್ಲವೇ?

ಬೆಳೆಗಾರರನ್ನು ಕೇಳಿ ನೋಡಿ. ಕಾಳುಮೆಣಸಿಗೆ ಬರುವ ಶೀಘ್ರ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ, ನೀರಿನಲ್ಲಿ ಬದುಕಿ ಹರಡುತ್ತದೆ. ರೋಗ ಬಿದ್ದ ತೋಟದ ಒದ್ದೆ ಮಣ್ಣು ಟೈರಿಗೆ ಮೆತ್ತಿಕೊಂಡು ಪಕ್ಕದ ತೋಟಕ್ಕೆ ಹೋದರೆ ಮುಂದಿನ ಮಳೆಗಾಲದಲ್ಲಿ ಅಲ್ಲಿನ ಬಳ್ಳಿಗಳು ವಾರಗಳೊಳಗೆ ಸೊರಗಬಹುದು. ಕಳೆಗಳ ಕಥೆಯೂ ಹೀಗೆಯೇ. ಕಾಂಗ್ರೆಸ್ ಗಿಡದ ಬೀಜ ಧೂಳಿನಷ್ಟು ಸಣ್ಣದು, ಬಯಲುಸೀಮೆಯ ರಸ್ತೆಬದಿಯ ಮಣ್ಣಿನ ಜೊತೆ ಗಾಡಿಯ ಅಡಿಭಾಗದಲ್ಲಿ ಕೂತು ಬೆಟ್ಟದ ಮೇಲಿನವರೆಗೂ ಬರುತ್ತದೆ. ಮನೆಯಿಂದ ಹೊರಡುವ ಮುನ್ನ ವಾಟರ್ ಸರ್ವಿಸ್ ಮಾಡಿಸಿ, ಟೈರಿನ ಗೀರುಗಳನ್ನೂ ಮಡ್‌ಗಾರ್ಡಿನ ಒಳಭಾಗವನ್ನೂ ತೊಳೆಸಿ. ಎರಡು ತೋಟಗಳ ನಡುವೆ ಕನಿಷ್ಠ ಕೋಲಿನಿಂದ ಕೆತ್ತಿ, ಬ್ರಷ್ಷಿನಿಂದ ಉಜ್ಜಿ ಮಣ್ಣು ಉದುರಿಸಿ, ಆ ಮಣ್ಣು ಮೊದಲ ತೋಟದಲ್ಲೇ ಉಳಿಯಲಿ.

ನಮ್ಮ ಗುಂಪಿನಿಂದ ಇಪ್ಪತ್ತು ಗಾಡಿಗಳ ಆಫ್‌ರೋಡ್ ಕೂಟ ಮಾಡಬೇಕೆಂದಿದ್ದೇವೆ. ಏನೇನು ಬೇಕು?

ಸ್ಪರ್ಧೆಯಾದರೆ ದೇಶದ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐಯ ನಿಯಮಗಳು ಅನ್ವಯಿಸುತ್ತವೆ. ಸುಮ್ಮನೆ ಕೂಟವಾದರೂ ಜಮೀನಿನ ಮಾಲೀಕರ ಲಿಖಿತ ಒಪ್ಪಿಗೆ ಬೇಕು, ಸ್ಥಳೀಯ ಪೊಲೀಸ್ ಠಾಣೆಗೆ ಮಾಹಿತಿ ಕೊಡಬೇಕು, ಅರಣ್ಯದ ಅಂಚಿನಲ್ಲಿದ್ದರೆ ಅರಣ್ಯ ಇಲಾಖೆಗೂ ತಿಳಿಸಬೇಕು. ವಿಮೆಯ ಪತ್ರವನ್ನು ಒಮ್ಮೆ ಓದಿ: ಮಾಮೂಲಿ ವಾಹನ ವಿಮೆಯಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆಗಳಿಗೆ ಪರಿಹಾರವಿಲ್ಲ, ನೀರು ಹೊಕ್ಕ ಎಂಜಿನ್‌ಗೂ ಪ್ರತ್ಯೇಕ ರಕ್ಷಣೆ ಪಡೆದಿರದಿದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಇದರಾಚೆಗೆ ನಮ್ಮ ಸಲಹೆ ಗಾಡಿಗಳ ಸಂಖ್ಯೆಯ ಬಗ್ಗೆ. ಒಂದೇ ದಾರಿಯಲ್ಲಿ ಇಪ್ಪತ್ತು ಗಾಡಿ ಸಾಲಾಗಿ ಹೋದರೆ ಇಪ್ಪತ್ತನೆಯದು ಹೋಗುವ ಹೊತ್ತಿಗೆ ಆ ದಾರಿ ಬೇರೆಯೇ ಆಗಿರುತ್ತದೆ. ಐದೈದು ಗಾಡಿಗಳ ತಂಡ ಮಾಡಿ ಬೇರೆ ಬೇರೆ ದಾರಿ, ಬೇರೆ ಬೇರೆ ಹೊತ್ತು ಆರಿಸಿಕೊಳ್ಳಿ.

ನಮ್ಮದೇ ತೋಟದಲ್ಲಿ ಟ್ರ್ಯಾಕ್ ಮಾಡಿ ಜೀಪಿನವರಿಗೆ ಕೊಡೋಣವೆಂದಿದ್ದೇನೆ. ನನ್ನ ಜಮೀನು, ಯಾರನ್ನು ಕೇಳಬೇಕು?

ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಸೆಕ್ಷನ್ 95ರಡಿ ಅನುಮತಿ ಬೇಕು, ಮರ ಕಡಿಯುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಹೋಂಸ್ಟೇ ನಡೆಸುವವರು ಇದನ್ನು ಲಘುವಾಗಿ ಎಣಿಸುವುದುಂಟು.

ಟ್ರ್ಯಾಕಿನ ವಿಚಾರಕ್ಕೆ ಬಂದರೆ, ಇದನ್ನು ಸರಿಯಾಗಿ ಮಾಡಿದವರು ಸುತ್ತಲಿನ ಹುಲ್ಲುಗಾವಲಿನ ಒತ್ತಡವನ್ನು ನಿಜವಾಗಿಯೂ ಇಳಿಸುತ್ತಾರೆ, ಆದ್ದರಿಂದ ನಾವು ಇದರ ಪರವಾಗಿದ್ದೇವೆ. ಸರಿಯಾಗಿ ಎಂದರೆ, ದಾರಿಯು ಇಳಿಜಾರಿಗೆ ನೇರವಾಗಿರದೆ ಓರೆಯಾಗಿ ಏರಬೇಕು. ಕಡಿದಾದಷ್ಟೂ ಹತ್ತಿರ ಹತ್ತಿರದಲ್ಲಿ ದಾರಿಗೆ ಅಡ್ಡಲಾಗಿ ಮಣ್ಣಿನ ದಿಬ್ಬ ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ತಿರುಗಿಸಿದ ನೀರು ನೇರವಾಗಿ ಹಳ್ಳಕ್ಕೆ ಬೀಳದೆ ಕಾಫಿ ಸಾಲುಗಳ ನಡುವಿನ ತೊಟ್ಟಿಲು ಗುಂಡಿಗಳಿಗೆ ಹೋಗಿ ಇಂಗಬೇಕು. ಹಳ್ಳದ ಎರಡೂ ದಡಗಳಲ್ಲಿ ಮರಗಿಡಗಳ ಅಗಲವಾದ ಪಟ್ಟಿಯನ್ನು ಮುಟ್ಟಬಾರದು, ದಾಟುವ ಕಡೆ ಕಲ್ಲು ಹಾಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರ್ಯಾಕ್ ಮುಚ್ಚಿರಬೇಕು. ಜೆಸಿಬಿ ತರಿಸಿ ಗುಡ್ಡದ ಬುಡ ಕಡಿಯುವುದನ್ನಂತೂ ಮಾಡಲೇಬೇಡಿ, ಬುಡ ಕಡಿದ ಗುಡ್ಡ ಮಳೆಗಾಲದಲ್ಲಿ ಏನು ಮಾಡುತ್ತದೆಂಬುದನ್ನು ಮಲೆನಾಡಿನ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಹಾಳಾದ ದಾರಿಯನ್ನು ನಾವೇ ಸೇರಿ ಸರಿಪಡಿಸಬಹುದೇ?

ಖಾಸಗಿ ಜಮೀನಿನಲ್ಲಿ ಮಾಲೀಕರು ಒಪ್ಪಿದರೆ, ಪಂಚಾಯಿತಿ ದಾರಿಯಲ್ಲಿ ಪಂಚಾಯಿತಿ ಒಪ್ಪಿದರೆ ಮಾಡಬಹುದು. ಅರಣ್ಯದಲ್ಲಿ ಒಂದು ಬುಟ್ಟಿ ಮಣ್ಣು ಸರಿಸಲೂ ಇಲಾಖೆಯ ಅನುಮತಿ ಬೇಕು, ಉದ್ದೇಶ ಒಳ್ಳೆಯದಿದ್ದರೂ. ಕೆಲಸಕ್ಕೆ ಸೂಕ್ತ ಕಾಲ ಮಳೆಗಾಲ ಶುರುವಾಗುವ ಮುನ್ನ ಮೇ ತಿಂಗಳು. ಬರಿ ಗುಂಡಿ ತುಂಬಿದರೆ ಮೊದಲ ಮಳೆಗೆ ಅದು ಕೊಚ್ಚಿಹೋಗುತ್ತದೆ, ಮೇಲಿನಿಂದ ಬರುವ ನೀರನ್ನು ಮೊದಲು ಪಕ್ಕಕ್ಕೆ ಕಳಿಸಿ ಆಮೇಲೆ ಗುಂಡಿಗೆ ಕೈ ಹಾಕಬೇಕು. ಹುಲ್ಲಿನ ಮೇಲೆ ಬಿದ್ದ ಅಡ್ಡದಾರಿಗಳ ಬಾಯಿಗೆ ಬಂಡೆಗಳನ್ನೋ ಬಿದ್ದ ದಿಮ್ಮಿಗಳನ್ನೋ ಇಟ್ಟು ಮುಚ್ಚಿದರೆ ಉಳಿದದ್ದನ್ನು ಹುಲ್ಲು ತಾನೇ ನೋಡಿಕೊಳ್ಳುತ್ತದೆ. ಹೊರಗಿನಿಂದ ತಂದ ಹುಲ್ಲಿನ ಬೀಜ ಬಿತ್ತಬಾರದು.

ಬೇರೆಯವರು ಹುಲ್ಲುಗಾವಲಿನ ಮೇಲೆ ಓಡಿಸುತ್ತಿರುವುದು ಕಂಡರೆ ಏನು ಮಾಡಬೇಕು?

ಒಂದು ಸಲ ಸಮಾಧಾನವಾಗಿ ಹೇಳಿ ನೋಡಿ, ಬಹಳಷ್ಟು ಮಂದಿ ತಿಳಿಯದೆ ಇಳಿಸಿರುತ್ತಾರೆ. ಕೇಳದಿದ್ದರೆ ಜಗಳಕ್ಕೆ ನಿಲ್ಲಬೇಡಿ, ನಂಬರ್ ಪ್ಲೇಟು ಕಾಣುವಂತೆ ಫೋಟೊ ತೆಗೆದು, ಜಾಗ ಮತ್ತು ಹೊತ್ತನ್ನು ಬರೆದುಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕುಡಿದು ಓಡಿಸುತ್ತಿದ್ದರೆ, ಜನರಿಗೆ ಅಪಾಯವಿದ್ದರೆ 112. ಚಿತ್ರವನ್ನು ಜಾಲತಾಣದಲ್ಲಿ ಹಾಕಿ ಬೈಯುವುದರಿಂದ ಆಗುವುದು ಒಂದೇ, ಆ ಜಾಗ ಎಲ್ಲಿದೆಯೆಂದು ಇನ್ನಷ್ಟು ಜನ ವಿಚಾರಿಸುತ್ತಾರೆ. ಹಾಕಲೇಬೇಕೆಂದಿದ್ದರೆ ಊರಿನ ಹೆಸರನ್ನೂ ಲೊಕೇಶನ್ನನ್ನೂ ತೆಗೆದು ಹಾಕಿ.